ದೋಣಿ ಗಾಡಿಗೆ ಜ್ವರ

ಮನೆಗೆ ನೆಂಟರು ಬಂದರೆ, ಕಾಫಿಗೆ ನೀರಿಡುವ ಮೊದಲು ಅಮ್ಮ ಅಡುಗೆಮನೆಯ ಬಾಗಿಲನ್ನು ಅರ್ಧ ಮುಂದೆ ಮಾಡುತ್ತಾಳೆ. ದೊಡ್ಡ ಗುಟ್ಟೇನಲ್ಲ. ನಮ್ಮ ಕಾಫಿಪುಡಿ ಡಬ್ಬಿಯಲ್ಲಿ ಚಮಚದ ಬದಲು ಒಂದು ಕಬ್ಬಿಣದ ಟೋಪಿ ಇದೆ. ಸಣ್ಣ ಕಿತ್ತಳೆಯನ್ನು ಎರಡು ಹೋಳು ಮಾಡಿ, ಒಂದರ ತೊಳೆಗಳನ್ನೆಲ್ಲ ತಿಂದು ಮುಗಿಸಿದರೆ ಸಿಪ್ಪೆ ಉಳಿಯುತ್ತದಲ್ಲ, ಅಷ್ಟು ದೊಡ್ಡದು. ಅಜ್ಜಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನೀರಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ ಅಡುಗೆಮನೆಗೆ ಸೇರಿಸಿಕೊಂಡಿದ್ದಾಳೆ. ಗೋಪುರ ಬರುವಂತೆ ತುಂಬಿದರೆ ಸ್ಟ್ರಾಂಗು, ತಲೆ ಸವರಿ ಹಾಕಿದರೆ ಲೈಟು.

ಈ ಟೋಪಿಯ ಒಂದು ಪಕ್ಕ ಸೊಟ್ಟಗಿದೆ. ಆ ಸೊಟ್ಟ ನನ್ನ ಕೈಕೆಲಸ. ಹಾಗಾಗಿ ಕಾಫಿ ಕುಡಿದವರು "ಹದವಾಗಿದೆ" ಅಂದಾಗೆಲ್ಲ ಆ ಹೊಗಳಿಕೆಯಲ್ಲಿ ಒಂದು ಪಾಲನ್ನು ನಾನು ಯಾರಿಗೂ ಹೇಳದೆ ತೆಗೆದಿಟ್ಟುಕೊಳ್ಳುತ್ತೇನೆ.

ಟೋಪಿ ಅಂದರೆ ಗಾಡಿಯ ಚಕ್ರದ ನಟ್ಟನಡುವೆ, ಹಬ್ಬಿನ ಮೂತಿಗೆ ಹಾಕುವ ಮುಚ್ಚಳ. ಒಳಗಿನ ಬೇರಿಂಗಿಗೆ ಧೂಳು ಹೋಗದಿರಲಿ ಎಂದು ಹಾಕಿರುತ್ತಾರೆ. ಯಾವ ಗಾಡಿಯದು ಎಂದು ಕೇಳುತ್ತೀರಿ, ಗೊತ್ತು. ದೋಣಿ ಹೊರುವ ಟ್ರೈಲರಿನದು. ಹೌದು, ದೋಣಿ. ನದಿ ಕಾಣದ ಬಯಲುಸೀಮೆಯ ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಸಾದಲಿ ಪಕ್ಕದ ಊರಿನಲ್ಲಿ. ನಗುವುದಿದ್ದರೆ ಈಗಲೇ ನಕ್ಕು ಮುಗಿಸಿಬಿಡಿ. ನಮ್ಮೂರಿನವರು ಇನ್ನೂ ಮುಗಿಸಿಲ್ಲ.

ನನ್ನ ಚಿಕ್ಕಪ್ಪನಿಗೆ, ಬೇರೆಯವರಿಗೆ ನೆಗಡಿ ಬಂದ ಹಾಗೆ, ಆಗಾಗ ಐಡಿಯಾ ಬರುತ್ತದೆ. ಒಂದು ಸಲ ಅಲೀಪುರದಿಂದ ಬಣ್ಣಬಣ್ಣದ ಕಲ್ಲಿನ ಉಂಗುರ ತಂದು ಊರೂರಿನಲ್ಲಿ ಮಾರುವ ಐಡಿಯಾ ಬಂತು. ಯಾರೂ ಕೊಳ್ಳಲಿಲ್ಲ. ಹಾಳಾಗುವುದು ಬೇಡ ಎಂದು ಎಲ್ಲವನ್ನೂ ತಾನೇ ಹಾಕಿಕೊಂಡ. ಬೆರಳು ಮಡಚಲು ಆಗದೆ, ರಾಗಿಮುದ್ದೆ ತಿನ್ನಲು ಚಮಚ ಕೇಳಿದ ಮೊದಲ ಮನುಷ್ಯ ಎಂಬ ಕೀರ್ತಿ ನಮ್ಮ ಮನೆತನಕ್ಕೆ ಬಂದದ್ದು ಹಾಗೆ. ಆಮೇಲೆ ಮಳೆ ಚೆನ್ನಾಗಿ ಆಗಿ, ನಮ್ಮೂರ ಕೆರೆ ಕೋಡಿ ಹರಿಯಿತು. ಊರವರೆಲ್ಲ ಕೆರೆಗೆ ಹೋಗಿ ನೀರು ನೋಡಿದರು. ಚಿಕ್ಕಪ್ಪ ನೀರನ್ನು ನೋಡಲಿಲ್ಲ, ಅದರ ಮೇಲೆ ತೇಲುವ ಟೂರಿಸ್ಟುಗಳನ್ನು ನೋಡಿದ.

ವಾರ ಕಳೆಯುವುದರೊಳಗೆ ಎಲ್ಲೋ ಮುಚ್ಚಿಹೋದ ರೆಸಾರ್ಟೊಂದರಿಂದ ಪೆಡಲ್ ತುಳಿಯುವ ದೋಣಿ ಬಂತು. ಮುಂದೆ ಉದ್ದ ಕತ್ತಿನ ಹಂಸದ ತಲೆ. ಅದನ್ನು ಹೊತ್ತು ತರಲು ಎರಡು ಚಕ್ರದ ಟ್ರೈಲರ್. ಎಳೆಯಲು ಚಿಕ್ಕಪ್ಪನ ಹಳೇ ಜೀಪು. ಪ್ರತಿ ಭಾನುವಾರ ಜೀಪನ್ನು ರಿವರ್ಸ್ ಹಾಕಿ ಟ್ರೈಲರನ್ನು ಕೆರೆಗೆ ಇಳಿಸುವುದು, ಎತ್ತುವುದು, ಮತ್ತೆ ಇಳಿಸುವುದು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುವ ವಸ್ತು ಅದು. ಕೆರೆಯಲ್ಲಿ ಈಜು ಬಿದ್ದ ಎಮ್ಮೆಗಳು ಕೂಡ ಎದ್ದು ದೂರ ನಿಂತು ನೋಡುತ್ತಿದ್ದವು. ಕೊನೆಗೆ ಪಂಚಾಯ್ತಿಯವರು "ಯಾರಾದ್ರೂ ಮುಳುಗಿದ್ರೆ ಜವಾಬ್ದಾರಿ ಯಾರದಪ್ಪ?" ಎಂದು ಒಂದೇ ಪ್ರಶ್ನೆ ಕೇಳಿದರು. ಐಡಿಯಾ ಅಲ್ಲಿಗೆ ಮುಳುಗಿತು.

ಹಂಸ ನಮ್ಮ ಹಿತ್ತಲಿಗೆ ಬಂದು ಕೂತಿತು. ಅಜ್ಜಿಯ ಕೋಳಿಗಳು ಅದರೊಳಗೆ ಮೊಟ್ಟೆಯಿಡಲು ಶುರುಮಾಡಿದವು. ಕತ್ತು ಕಾಂಪೌಂಡಿನ ಮೇಲಿಂದ ರಸ್ತೆಗೆ ಕಾಣುತ್ತಿದ್ದರಿಂದ, ಬಸ್ ಕಂಡಕ್ಟರ್ ನಮ್ಮ ಸ್ಟಾಪಿಗೆ ಹೊಸ ಹೆಸರಿಟ್ಟ. ನಾನು ದಿನಾ ಚಿಕ್ಕಬಳ್ಳಾಪುರಕ್ಕೆ ಕಾಲೇಜಿಗೆ ಹೋಗಿಬರುವವಳು. ಸಂಜೆ ಬಸ್ಸು ತುಂಬಿರುವಾಗ "ಬಾತುಕೋಳಿ ಮನೆ ಯಾರ್ರೀ, ಇಳ್ಕೊಳ್ರಿ!" ಎಂದು ಕೂಗಿದರೆ ಹೇಗಾಗಬೇಡ?

"ಅದು ಹಂಸ ಸಾರ್," ಎಂದು ನಾನು ಘನತೆಯಿಂದ ತಿದ್ದಿ ಇಳಿಯುತ್ತಿದ್ದೆ.

"ಹಂಸವೇ ಇರ್ಲಿ, ಬೇಗ ಇಳಿಯಮ್ಮ."

ದೋಣಿಯ ಕತೆ ಅಷ್ಟು. ಗಾಡಿಯ ಕತೆ ಹೇಳಬೇಕೆಂದರೆ ಮೊದಲು ಅಮ್ಮನ ಪಂದ್ಯ ಹೇಳಬೇಕು.

ನಮ್ಮದು ರೇಷ್ಮೆ ಸಾಕುವ ಮನೆ. ಅಪ್ಪ ಯಾವಾಗಲೂ ಹಳದಿ ಗೂಡಿನ ಹುಳು ಸಾಕುವವನು. ಅಮ್ಮನಿಗೆ ಬಿಳಿ ಗೂಡಿನ ಬೈವೋಲ್ಟೈನ್ ತಳಿ ಸಾಕಬೇಕೆಂದು ಆಸೆ. ಬೆಲೆ ಹೆಚ್ಚು, ಆದರೆ ನಾಜೂಕು. ಚೂರು ಸೆಖೆಯಾದರೂ ತಡೆಯುವುದಿಲ್ಲ.

"ಅವು ದೊಡ್ಡೋರ ಮನೆ ಮಕ್ಳಿದ್ದಂಗೆ ಕಣೇ," ಎಂದ ಅಪ್ಪ. "ಬಿಸ್ಲು ಜಾಸ್ತಿ ಆದ್ರೆ ಮಲಗ್ತವೆ, ತೇವ ಜಾಸ್ತಿ ಆದ್ರೆ ಮಲಗ್ತವೆ."

"ಅರ್ಧ ಹುಳುಮನೆ ನಂಗೆ ಬಿಡಿ. ನಾನೇ ಸಾಕ್ತೀನಿ, ನಾನೇ ಮಾರ್ಕೆಟ್ಟಿಗೆ ಹಾಕ್ತೀನಿ."

"ಸರಿ. ಬೆಳೆ ಚೆನ್ನಾಗಿ ಮಾರಾಟ ಆದ್ರೆ ಮುಂದಿನ ಸಲ ಪೂರ್ತಿ ಮನೆ ನಿಂದು. ಆಗ್ಲಿಲ್ಲ ಅಂದ್ರೆ ಬೈವೋಲ್ಟೈನ್ ಅನ್ನೋ ಮಾತು ಮತ್ತೆ ಎತ್ಬಾರ್ದು."

"ಆಗ್ಲಿ," ಅಂದಳು ಅಮ್ಮ. ಮದುವೆಯಾಗಿ ಬಂದಾಗಿನಿಂದ ಅವಳು ಸಾಕಿದ ಹುಳುಗಳೆಲ್ಲ ಮಾರ್ಕೆಟ್ಟಿನ ಬಾಗಿಲು ದಾಟಿದ ಕೂಡಲೇ ಅಪ್ಪನ ಹುಳುಗಳಾಗಿಬಿಡುತ್ತಿದ್ದವು. ಈ ಸಲ ಹಾಗಾಗಬಾರದು ಎಂಬುದೇ ಅವಳ ಪಂದ್ಯ.

ರೇಷ್ಮೆಯ ಮನೆಯಲ್ಲಿ ಹುಟ್ಟದವರಿಗೆ ಒಂದು ಮಾತು ಹೇಳಬೇಕು. ಹುಳು ಪೊರೆ ಬಿಡುವ ಮುಂಚೆ ಎಲೆ ಬಿಟ್ಟು, ತಲೆ ಎತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ಕಳೆದು ಎದ್ದ ಹುಳು ಬೆಳೆದ ಹುಳು. ಹಾಗಾಗಿ ನಮ್ಮ ಮನೆಯಲ್ಲಿ "ಜ್ವರ ಬಂತು" ಎಂದರೆ ಸಿಹಿ ಸುದ್ದಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಟೀಚರ್ "ಯಾಕೆ ನಿನ್ನೆ ಬರ್ಲಿಲ್ಲ?" ಎಂದದ್ದಕ್ಕೆ "ನಮ್ಮನೇಲಿ ಎಲ್ರಿಗೂ ಜ್ವರ ಬಂತು ಮಿಸ್, ಅಪ್ಪ ತುಂಬಾ ಖುಷಿಯಾಗಿದಾನೆ" ಎಂದು ಹೇಳಿ, ಟೀಚರನ್ನು ಸಂಜೆ ನಮ್ಮ ಮನೆಯವರೆಗೂ ಬರಿಸಿದ್ದೆ.

ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನುವುದನ್ನು ನೀವು ನೋಡಬೇಕು. ಲಾಸ್ಟ್ ಬೆಂಚಿನಲ್ಲಿ ಕೂತು ಇಡೀ ಕ್ಲಾಸಿನ ಚಿಪ್ಸ್ ಪ್ಯಾಕೆಟ್ಟನ್ನು ಒಟ್ಟಿಗೆ ಮುಗಿಸುವ ಸದ್ದು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು, ಮಧ್ಯಾಹ್ನ ಸೊಪ್ಪು, ರಾತ್ರಿ ಸೊಪ್ಪು. ಕಡಿದು ತರುವುದು ಅಪ್ಪ, ಹಾಕುವುದು ಅಮ್ಮ ಮತ್ತು ನಾನು. ನನಗೂ ಕಾಲೇಜಿಗೂ ಒಂದೇ ಸಲ ರಜೆ ಬಂದಿತ್ತು, ತಪ್ಪಿಸಿಕೊಳ್ಳಲು ನೆಪವೇ ಇರಲಿಲ್ಲ.

ಆಗ ಹೊಳೆಯಿತು. ಹುಳುಮನೆಯ ಮೊದಲ ಕಾನೂನು ವಾಸನೆ. ಸೀಮೆಎಣ್ಣೆ, ಡೀಸೆಲ್ಲು, ಗ್ರೀಸು, ಅಗರಬತ್ತಿ, ಏನನ್ನು ಮುಟ್ಟಿದವರೂ ಒಳಗೆ ಕಾಲಿಡುವಂತಿಲ್ಲ. ಅಂದರೆ ಗ್ರೀಸ್ ಮುಟ್ಟಿದವಳು ಸೊಪ್ಪು ಹಾಕುವಂತಿಲ್ಲ. ನೋಡಿ, ಎಷ್ಟು ಸುಂದರವಾದ ಕಾನೂನು!

"ಚಿಕ್ಕಪ್ಪಾ," ಎಂದೆ. "ನಿನ್ನ ದೋಣಿ ಗಾಡಿ ಬೇರಿಂಗ್ ಒಂದ್ಸಲ ಬಿಚ್ಚಿ ನೋಡೋದಲ್ವಾ? ಅಷ್ಟು ಸಲ ನೀರಿಗಿಳಿಸಿದ್ದೀಯ. ಪಾಪ."

ಚಿಕ್ಕಪ್ಪನ ಕಣ್ಣು ತುಂಬಿ ಬಂತು. ಆ ಗಾಡಿಯ ಬಗ್ಗೆ ಅದುವರೆಗೆ ಯಾರೂ 'ಪಾಪ' ಎಂದಿರಲಿಲ್ಲ.

ನನಗೆ ಮೆಕ್ಯಾನಿಕ್ ಕೆಲಸ ಬರುತ್ತದೆಯೇ ಎಂದು ಕೇಳಬೇಡಿ. ನಾನು ಕಾಮರ್ಸು. ಆದರೆ ಮೊಬೈಲಿನಲ್ಲಿ ವಿಡಿಯೋ ನೋಡಿದವರಿಗೆ ಬಾರದ ಕೆಲಸವಿಲ್ಲ. ಹಿತ್ತಲಿನ ಕೊನೆಯಲ್ಲಿ, ಹುಳುಮನೆಗೆ ಗಾಳಿ ಬೀಸದ ಕಡೆ, ಹುಲ್ಲಿನ ಬಣವೆಯ ಹಿಂದೆ ಗಾಡಿ ನಿಲ್ಲಿಸಿದೆವು. ಒಂದು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಇನ್ನೊಂದನ್ನು ಜ್ಯಾಕಿನಲ್ಲಿ ಎತ್ತಿ ಬಿಚ್ಚಿ ತೆಗೆದೆವು. ಹಬ್ಬಿನ ಟೋಪಿಯನ್ನು ಸ್ಕ್ರೂಡ್ರೈವರಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿ ತೆಗೆಯಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು. 'ಮೆಲ್ಲಗೆ' ಎನ್ನುವಾಗ ನಾನು ಕೆಳಗಿನ ಕಾಮೆಂಟ್ ಓದುತ್ತಿದ್ದೆ. ಟೋಪಿ ಸೊಟ್ಟಗಾಗಿ ಹಾರಿ ಹೋಗಿ ಅಜ್ಜಿಯ ಕಾಲ ಬಳಿ ಬಿತ್ತು. ಅವಳು ಅದನ್ನು ಎತ್ತಿ, ತಿರುಗಿಸಿ ನೋಡಿ, ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಆಮೇಲೆ ಅದು ನಮಗೆ ಸಿಗಲಿಲ್ಲ.

ಹಬ್ಬಿನೊಳಗೆ ಗ್ರೀಸ್ ಇರಬೇಕಾದ ಜಾಗದಲ್ಲಿ ನಮ್ಮ ಕಾಲೇಜು ಕ್ಯಾಂಟೀನಿನ ಟೀ ಇತ್ತು. ನಿಜವಾಗಿಯೂ ಅದೇ ಬಣ್ಣ, ಪ್ರಾಯಶಃ ಅದೇ ರುಚಿ. ನೀರು ಸೇರಿ ಗ್ರೀಸೆಲ್ಲ ಹಾಲುಹಾಲಾಗಿತ್ತು. ಯಾಕೆಂದರೆ ಓಡಿ ಬಂದ ಗಾಡಿಯ ಹಬ್ಬು ಬಿಸಿಯಾಗಿರುತ್ತದೆ. ಅದನ್ನು ಹಾಗೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಗಟಗಟನೆ ಕುಡಿದುಬಿಡುತ್ತದೆ. "ಬಿಸ್ಲಿಂದ ಬಂದು ತಕ್ಷಣ ನೀರು ಕುಡೀಬ್ಯಾಡ್ರಿ, ಒಂದ್ ಗಳಿಗೆ ಕೂತ್ಕೊಳ್ರಿ" ಎಂದು ಅಜ್ಜಿ ನಮಗೆ ಹೇಳುತ್ತಲೇ ಇರುತ್ತಾಳೆ. ಗಾಡಿಗೆ ಆ ಬುದ್ಧಿ ಹೇಳುವವರು ಯಾರೂ ಇರಲಿಲ್ಲ.

ನಟ್ಟಿಗೆ ಅಡ್ಡಲಾಗಿ ಚುಚ್ಚಿದ್ದ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಎಳೆದೆವು. ನಟ್ಟು, ವಾಷರು, ಆಮೇಲೆ ಹೊರಗಿನ ಬೇರಿಂಗು. ಅದು ನನ್ನ ಕಾಲ ಮೇಲೇ ಬಿತ್ತು. ಹಬ್ಬನ್ನು ಎಳೆದು, ಹಿಂದಿನ ಸೀಲು ಕಿತ್ತು, ಒಳಗಿನ ಬೇರಿಂಗೂ ತೆಗೆದೆವು. ಡೀಸೆಲ್ಲಿನಲ್ಲಿ ತೊಳೆದು ನೋಡಿದರೆ ಉರುಳೆಗಳಿಗೆಲ್ಲ ತುಕ್ಕಿನ ಮಚ್ಚೆ. ಬೆರಳಲ್ಲಿ ತಿರುಗಿಸಿದರೆ ಮರಳು ಅಗಿದ ಹಾಗೆ ಸದ್ದು. ಇನ್ನೊಂದು ಚಕ್ರದ್ದೂ ಅದೇ ಹಾಡು. ಹೊಸದೇ ಬೇಕು. ಅದಕ್ಕೆ ಚಿಂತಾಮಣಿಗೆ ಹೋಗಬೇಕು. ಇನ್ನೂ ಒಂದು ದಿನ ಸೊಪ್ಪಿನಿಂದ ಬಿಡುಗಡೆ!

ಚಿಂತಾಮಣಿಯಲ್ಲಿ ಬೇರಿಂಗ್ ಅಂಗಡಿಯ ಸಾಹೇಬರು ಹಳೆಯದನ್ನು ಕೈಗೆ ತೆಗೆದುಕೊಂಡು ಕೇಳಿದರು. "ಯಾವ ಗಾಡೀದಮ್ಮ ಇದು?"

"ದೋಣಿದು."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಳಗಿದ್ದ ಮಗನನ್ನು ಕೂಗಿದರು. "ಅರೇ ಬೇಟಾ, ಜಲ್ದಿ ಬಾ. ಚಿಂತಾಮಣಿಗೆ ಸಮುದ್ರ ಬಂದೈತಂತೆ, ನಮ್ಗೇ ಗೊತ್ತಿಲ್ಲ!"

"ಸಮುದ್ರ ಅಲ್ಲ ಮಾಮು, ಸಾದಲಿ."

"ಸಾದಲೀಲಿ ದೋಣಿ ಮೇಲೆ ಏನ್ ತರ್ತೀರಿ? ಮೀನಾ?"

"ರೇಷ್ಮೆ ಗೂಡು," ಎಂದೆ, ಮಾತಿಗೆ. ಆ ಮಾತು ನಿಜವಾಗುತ್ತದೆ ಎಂದು ಗೊತ್ತಿದ್ದರೆ ಮೀನು ಎಂದೇ ಹೇಳುತ್ತಿದ್ದೆ.

ಹೊಸ ಬೇರಿಂಗು, ಹೊಸ ಸೀಲು, ಹೊಸ ಪಿನ್ನು, ಹೊಸ ಟೋಪಿ, ಒಂದು ಡಬ್ಬಿ ಗ್ರೀಸು ತಂದೆವು. ಮುಂದಿನ ಕೆಲಸವೇ ನನಗೆ ಇಷ್ಟವಾದದ್ದು. ಅಂಗೈಯಲ್ಲಿ ಗ್ರೀಸಿನ ಉಂಡೆ ಇಟ್ಟುಕೊಂಡು, ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಬೇಕು. ಮೇಲಿನ ಸಂದುಗಳಿಂದ ಒತ್ತುಶಾವಿಗೆ ಬಂದ ಹಾಗೆ ಬಂದರೆ ತುಂಬಿತು ಎಂದರ್ಥ. ಸೀಲನ್ನು ಮರದ ತುಂಡಿಟ್ಟು ಸಮವಾಗಿ ಬಡಿದು ಕೂರಿಸಬೇಕು. ಕೊನೆಗೆ ಹಬ್ಬು ತಿರುಗಿಸುತ್ತಲೇ ನಟ್ಟು ಬಿಗಿಮಾಡಿ, ಆಮೇಲೆ ಚೂರು ಸಡಿಲ ಬಿಡಬೇಕು. ಬಿಗಿ ಹೆಚ್ಚಾದರೆ ಕಾದುಹೋಗುತ್ತದೆ, ಸಡಿಲ ಹೆಚ್ಚಾದರೆ ಓಲಾಡುತ್ತದೆ. ಮಕ್ಕಳನ್ನು ಬೆಳೆಸುವವರೆಲ್ಲ ಈ ನಟ್ಟನ್ನು ಒಮ್ಮೆ ತಿರುಗಿಸಿ ನೋಡಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಅಪ್ಪ ಸೊಪ್ಪಿನ ಹೊರೆ ಹೊತ್ತುಕೊಂಡು ಕೇಳಿಸದವನಂತೆ ಹೋದ.

ಹುಡುಗಿ ಚಕ್ರ ಬಿಚ್ಚುತ್ತಾಳೆ ಎಂದರೆ ಊರು ಸುಮ್ಮನಿರುತ್ತದೆಯೇ? ಬಣವೆಯ ಹಿಂದೆ ಜನ ಸೇರಿದರು. ನನಗೂ ಬೇಕಾದದ್ದು ಅದೇ. ಚಕ್ರ ಹಾಕಿ ಕೈಯಲ್ಲಿ ತಿರುಗಿಸಿದೆ. ಸದ್ದೇ ಇಲ್ಲದೆ ಸುಯ್ಯನೆ ತಿರುಗಿತು, ತಿರುಗುತ್ತಲೇ ಇತ್ತು. "ಈಗ ಗಾಡಿ ಓಡಿಸ್ಕೊಂಡು ಹೋಗಿ ಹಬ್ಬು ಮುಟ್ಟಿ ನೋಡ್ಬೇಕು," ಎಂದು ಭಾಷಣ ಮಾಡಿದೆ. "ಉಗುರುಬೆಚ್ಚಗಿದ್ರೆ ಸರಿ. ಕೈ ಇಡೋಕಾಗ್ದೇ ಇರೋಷ್ಟು ಸುಟ್ರೆ ಹಬ್ಬಿಗೆ ಜ್ವರ ಬಂದೈತೆ ಅಂತ. ಈ ಜ್ವರ ಬಂದ್ರೆ ಖುಷಿ ಪಡಂಗಿಲ್ಲ. ಚಕ್ರ ಕಳ್ಚಿ ಗಾಡಿಗಿಂತ ಮುಂಚೆ ಊರು ಸೇರ್ತದೆ."

"ಅಬ್ಬಬ್ಬಾ, ಏನ್ ಹುಡ್ಗೀನೋ!" ಎಂದರು ಯಾರೋ. ಅಜ್ಜಿ ಹಾಗೆ ಅಂದವರ ಮುಖವನ್ನೂ, ಆಮೇಲೆ ಚಕ್ರವನ್ನೂ ಒಂದು ಥರ ನೋಡಿದಳು. ನಾನು ಹೊಗಳಿಕೆಯ ಗುಂಗಿನಲ್ಲಿದ್ದೆ, ಗಮನಿಸಲಿಲ್ಲ.

ಅಷ್ಟರಲ್ಲಿ ಅಮ್ಮನ ಹುಳುಗಳು ತಿಂದು ಹಣ್ಣಾಗಿ ಚಂದ್ರಿಕೆಯ ತಟ್ಟೆಗೆ ಏರಿ ಗೂಡು ಕಟ್ಟಿದವು. ಎಂಥ ಗೂಡು ಅಂತೀರಿ! ಬಿದಿರಿನ ಚಂದ್ರಿಕೆಯ ತುಂಬ ಮಲ್ಲಿಗೆ ಮೊಗ್ಗು ಸುತ್ತಿಟ್ಟ ಹಾಗೆ. ಅಮ್ಮ ಆ ದಿನಗಳಲ್ಲೆಲ್ಲ ಮಲಗಿದ್ದನ್ನು ನಾನು ನೋಡಲೇ ಇಲ್ಲ. ಸೆಖೆ ಎಂದು ಗೋಣಿಚೀಲ ಒದ್ದೆ ಮಾಡಿ ಕಿಟಕಿಗೆ ಕಟ್ಟುವುದು, ತೇವ ಹೆಚ್ಚಾಯಿತೆಂದು ಬಿಚ್ಚುವುದು, ನಿಂತಲ್ಲೇ ಕಣ್ಣು ಮುಚ್ಚಿ ತೆರೆಯುವುದು.

ಗೂಡು ಬಿಡಿಸಿ ಚೀಲಕ್ಕೆ ತುಂಬುವ ದಿನ ಲಗೇಜ್ ಆಟೋದವನು ಫೋನ್ ಮಾಡಿದ. "ಯಕ್ಕಾ, ತಪ್ಪು ತಿಳ್ಕೋಬ್ಯಾಡ. ನಮ್ಮ ಬಾಮೈದುಂದು ಗೃಹಪ್ರವೇಶ. ಗಾಡಿ ಶಾಮಿಯಾನ ಹೊರ್ತಾ ಐತೆ."

ಬೇರೆ ಗಾಡಿಗಳೆಲ್ಲ ಆಗಲೇ ಬೇರೆಯವರ ಗೂಡಿಗೆ ಒಪ್ಪಿಕೊಂಡಿದ್ದವು. ತಡವಾದರೆ ಚೀಲದಲ್ಲಿ ಗೂಡು ಬೆವರುತ್ತದೆ, ಮಂಕಾಗುತ್ತದೆ. ಇನ್ನೂ ತಡವಾದರೆ ಒಳಗಿನ ಚಿಟ್ಟೆ ಗೂಡು ಕತ್ತರಿಸಿಕೊಂಡು ಎದ್ದು ಬರುತ್ತದೆ. ಅಮ್ಮ ಹಿತ್ತಲಿಗೆ ಬಂದು ದೋಣಿ ಗಾಡಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಸಿಂಧು, ಇದು ಶಿಡ್ಲಘಟ್ಟಕ್ಕೆ ಹೋಗ್ತದೇನೇ?"

"ಶಿಡ್ಲಘಟ್ಟವಾ? ಬಾಂಬೆಗೆ ಹೋಗ್ತದಮ್ಮ!" ಎಂದೆ. ಬಾಯಿಂದ ಹೊರಬಿದ್ದ ಮೇಲೆ ಹೊಳೆಯಿತು. ಸೊಪ್ಪು ಹಾಕುವುದನ್ನು ತಪ್ಪಿಸಿಕೊಳ್ಳಲು ಮಾಡಿದ ಕೆಲಸದ ಮೇಲೆ ಅಮ್ಮ ತನ್ನ ಇಡೀ ಬೆಳೆಯನ್ನು ಇಡುತ್ತಿದ್ದಳು.

ದೋಣಿ ಗಾಡಿಗೆ ತಳವಿಲ್ಲ, ಬರೀ ಅಸ್ಥಿಪಂಜರ. ಕೊಟ್ಟಿಗೆಯಲ್ಲಿದ್ದ ಹಳೇ ಬಾಗಿಲೊಂದನ್ನು ಅದರ ಮೇಲೆ ಮಲಗಿಸಿ ಹಗ್ಗ ಬಿಗಿದು, ಬೆಳಕು ಹರಿಯುವ ಹೊತ್ತಿಗೆ ಚೀಲ ಏರಿಸಿದೆವು. ಅಪ್ಪ ಹಸುಗಳನ್ನು ನೋಡಿಕೊಳ್ಳಬೇಕೆಂದು ಮನೆಯಲ್ಲಿ ಉಳಿದ. ಚಿಕ್ಕಪ್ಪ ಡ್ರೈವರು, ಪಕ್ಕದಲ್ಲಿ ಅಮ್ಮ, ಹಿಂದಿನ ಸೀಟಿನಲ್ಲಿ ಗಾಡಿಯ ಕಡೆಗೆ ಮುಖ ಮಾಡಿ ನಾನು. ಹೊರಡುವಾಗ ಅಜ್ಜಿ ಗಾಡಿಯ ಹಿಂದಿನಿಂದ ಎದ್ದು ಬಂದು, ಮಂಡಿಯ ಧೂಳು ಕೊಡವಿಕೊಂಡು "ಹೋಗ್ಬಿಟ್ಟು ಬರ್ರಮ್ಮ, ಏನೂ ಆಗಲ್ಲ" ಎಂದಳು. ಅವಳ ಧೈರ್ಯ ಕಂಡು ನನಗೂ ಧೈರ್ಯ ಬಂತು.

ಆ ಧೈರ್ಯ ಅರ್ಧ ದಾರಿಗೆ ಸಾಕಾಯಿತು. ಆಮೇಲೆ ಕೇಳಿಸಿತು. ಕರ್... ಕರ್... ಕರ್ ಕರ್.

"ಚಿಕ್ಕಪ್ಪಾ, ಏನೋ ಸದ್ದು."

"ಜೀಪಿಂದೇ ಇರ್ಬೇಕು ಬಿಡು. ಈ ಜೀಪಲ್ಲಿ ಹಾರನ್ ಒಂದು ಬಿಟ್ಟು ಎಲ್ಲಾ ಸದ್ದು ಮಾಡ್ತದೆ."

ಸದ್ದು ಜೀಪಿನದಲ್ಲ. ಎಡ ಚಕ್ರದ್ದು. ನೀವು ಊರಿಗೆ ಹೊರಟು ಬಸ್ಸು ಹತ್ತಿದ ಮೇಲೆ ಗ್ಯಾಸ್ ಆಫ್ ಮಾಡಿದೆನಾ ಎಂದು ಯೋಚಿಸಿದ್ದೀರಲ್ಲ? ನನಗೆ ಹಾಗೆ ಸ್ಪ್ಲಿಟ್ ಪಿನ್ ಯೋಚನೆ ಹತ್ತಿತು. ಚುಚ್ಚಿದ್ದು ನೆನಪಿದೆ, ಅದರ ಎರಡು ಕಾಲು ಬಗ್ಗಿಸಿದೆನಾ? ಬಗ್ಗಿಸುವಾಗಲೇ ಅಲ್ಲವೇ ಬಣವೆಯ ಹಿಂದೆ ಜನ ಸೇರತೊಡಗಿದ್ದು? ಬಗ್ಗಿಸದಿದ್ದರೆ ಪಿನ್ನು ಜಾರುತ್ತದೆ, ಪಿನ್ನು ಜಾರಿದರೆ ನಟ್ಟು, ನಟ್ಟು ಹೋದರೆ ಚಕ್ರ, ಚಕ್ರ ಹೋದರೆ ಅಮ್ಮನ ಮಲ್ಲಿಗೆ ಮೊಗ್ಗೆಲ್ಲ ರಸ್ತೆಯ ಮೇಲೆ.

ಅಷ್ಟರಲ್ಲಿ ನಮ್ಮ ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಕೈ ಬೀಸತೊಡಗಿದ. ಪಕ್ಕಕ್ಕೆ ಬಂದಾಗ ನೋಡಿದರೆ ಕಣ್ಣು ಕೆಂಡ, ಮೂಗಿನಿಂದ ಧಾರೆ.

"ನಿಲ್ಸ್ರಯ್ಯೋ! ಎಡಗಡೆ ಚಕ್ರ ಉರೀತಾ... ಆಕ್ಷೀ! ಹೊಗೆ ಬರ್ತಾ... ಆಕ್ಷೀ!"

ಚಿಕ್ಕಪ್ಪ ಹುಣಸೆ ಮರದ ಕೆಳಗೆ ನಿಲ್ಲಿಸಿದ. ಎಡ ಚಕ್ರದ ಸಂದಿಯಿಂದ ಸಣ್ಣಗೆ ಹೊಗೆ ಏಳುತ್ತಿದ್ದುದು ನನಗೆ ಸೀಟಿನಿಂದಲೇ ಕಾಣುತ್ತಿತ್ತು.

"ಸಿಂಧು, ಇಳಿದು ಹಬ್ಬು ಮುಟ್ಟಿ ನೋಡು. ನಿನ್ ಕೆಲ್ಸ ಅಲ್ವಾ?" ಎಂದ ಚಿಕ್ಕಪ್ಪ.

"ನೀನೇ ಮುಟ್ಟು ಚಿಕ್ಕಪ್ಪ. ನಿನ್ ಗಾಡಿ ಅಲ್ವಾ?"

ನಾವು ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿರುವಾಗ ಅಮ್ಮ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಡ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಚಿಕ್ಕಂದಿನಲ್ಲಿ ನನಗೆ ಮೈ ಬೆಚ್ಚಗಾದಾಗ ಹಣೆ ಮುಟ್ಟುತ್ತಿದ್ದಳಲ್ಲ, ಹಾಗೇ ಅಂಗೈಯನ್ನು ತಿರುಗಿಸಿ ಹಿಂಗೈಯನ್ನು ಹಬ್ಬಿನ ಮೇಲೆ ಇಟ್ಟಳು. ಇಟ್ಟವಳು ತೆಗೆಯಲಿಲ್ಲ. ಎದ್ದು ಆಚೆ ಹೋಗಿ ಬಲ ಚಕ್ರಕ್ಕೂ ಹಾಗೇ ಇಟ್ಟಳು.

"ಜ್ವರ ಇಲ್ಲ ಕಣೇ," ಎಂದಳು. "ಎರಡೂ ಒಂದೇ ಸಮ. ಉಗುರುಬೆಚ್ಚಗವೆ ಅಷ್ಟೆ."

ಇಡೀ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಆ ಕ್ಷಣಕ್ಕೆ ನನಗಿಂತ ಹಗುರಾದ ವಸ್ತು ಯಾವುದೂ ಇರಲಿಲ್ಲ, ಆ ಚೀಲದ ಗೂಡುಗಳನ್ನೂ ಸೇರಿಸಿ. ನಾನು ಧುಮುಕಿ ಕೆಳಗಿಳಿದು, "ನಾನ್ ಹೇಳ್ಲಿಲ್ವಾ!" ಎಂದು ಬಾಯಿ ತೆರೆದವಳು ಮುಚ್ಚಲಾಗಲಿಲ್ಲ. ಗಂಟಲಿಗೆ ಏನೋ ಹೊಕ್ಕಿತು. ಅಮ್ಮ ಸೀನಿದಳು. ಚಿಕ್ಕಪ್ಪ ಸೀನಿದ. ಬೈಕಿನವನು ಮೊದಲಿನಿಂದಲೂ ಸೀನುತ್ತಲೇ ಇದ್ದ.

ಚಿಕ್ಕಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು ಗಾಡಿಯ ಕೆಳಗೆ ನುಗ್ಗಿದ. ಎಳೆದು ತಂದದ್ದು ಒಂದು ಕರೀ ಬಟ್ಟೆಯ ಗಂಟು. ಅಚ್ಚಿಗೆ ಕಟ್ಟಿದ್ದು ಜಾರಿ ಬಂದು ಟೈರಿಗೆ ಉಜ್ಜಿ ಉಜ್ಜಿ ಕರಕಲಾಗಿತ್ತು. ಬಿಚ್ಚಿದರೆ ಒಳಗೆ ಪಟಿಕದ ಕಲ್ಲು, ಇದ್ದಿಲು, ಮತ್ತು ಒಂದು ಹಿಡಿ ಒಣ ಮೆಣಸಿನಕಾಯಿ. ಕರ್ ಕರ್ ಎಂದದ್ದು ಪಟಿಕ. ಹೊಗೆಯಾಡಿದ್ದು ಮೆಣಸಿನಕಾಯಿ.

"ಅಜ್ಜಿ!" ಎಂದೆವು ಮೂರೂ ಜನ.

ಫೋನ್ ಹಚ್ಚಿದೆ. ಅಜ್ಜಿಗೆ ಖುಷಿಯಾದರೂ ಕೋಪ ಬಂದರೂ ತೆಲುಗೇ ಮುಂದೆ ಬರುತ್ತದೆ.

"ಅಮ್ಮಾಯ್! ಘಾಟು ವಚ್ಚಿಂದಾ?"

"ಬಂತಾ ಅಂತ ಕೇಳ್ತೀಯಾ? ರೋಡಲ್ಲಿ ಹೋಗೋರೆಲ್ಲ ಅಳ್ತಾವ್ರೆ ಅಜ್ಜಿ! ಚಕ್ರಕ್ಕೆ ಯಾಕಜ್ಜಿ ಕಟ್ಟಿದ್ದು?"

"ಊರೆಲ್ಲಾ ನಿಂತ್ಕೊಂಡು ಆ ಚಕ್ರನೇ ನೋಡ್ಲಿಲ್ವಾ? ದೃಷ್ಟಿ ಬಿದ್ದಿರೋದು ಅಲ್ಲಿಗೇ ತಾನೆ! ಘಾಟು ಜೋರಾಗಿ ಬಂತಾ?"

"ಜೋರಾಗೇ ಬಂತು."

"ಹಂಗಾದ್ರೆ ದೃಷ್ಟಿನೇ ಆಗಿಲ್ಲ. ಹೋಗ್ರಿ, ಹೋಗ್ರಿ, ಹೊತ್ತಾಗ್ತದೆ!"

ದೃಷ್ಟಿಯಾದವರಿಗೆ ಮೆಣಸಿನಕಾಯಿ ನಿವಾಳಿಸಿ ಸುಟ್ಟರೆ ಘಾಟು ಬರುವುದಿಲ್ಲ, ಆಗದಿದ್ದವರಿಗೆ ಬರುತ್ತದೆ ಎಂಬುದು ನಿಮಗೂ ಗೊತ್ತಿರುವ ಶಾಸ್ತ್ರ. ನಮ್ಮ ಗಾಡಿ ಆ ಪರೀಕ್ಷೆಯಲ್ಲಿ ರಸ್ತೆಯ ಮೇಲೇ ಪಾಸಾಗಿತ್ತು. ಅಮ್ಮ ಬೈಕಿನವನಿಗೆ ಮುಖ ತೊಳೆಯಲು ನೀರು ಹಾಕಿದಳು. "ಯಕ್ಕಾ, ನಿಮ್ಮ ದೃಷ್ಟಿ ನೀವು ತೆಕ್ಕೊಳ್ಳಿ. ನಾನೇನ್ ಮಾಡಿದ್ನಕ್ಕಾ?" ಎಂದು ಅವನು ಕೇಳಿದ ರೀತಿಗೆ ಅಮ್ಮ ನಗಲು ಶುರುಮಾಡಿದಳು. ಬೆಳೆ ಶುರುವಾದಾಗಿನಿಂದ ಅವಳು ನಕ್ಕಿದ್ದು ಅದೇ ಮೊದಲು. ಹುಣಸೆ ಮರಕ್ಕೆ ಕೈಯೂರಿ, ಸೀನುತ್ತಾ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ನಿಂತಳು. ಆ ಕಣ್ಣೀರಲ್ಲಿ ಮೆಣಸಿನಕಾಯಿಯದೆಷ್ಟು, ಬೇರೆಯದೆಷ್ಟು ಎಂದು ನಾನು ಕೇಳಲಿಲ್ಲ.

ಶಿಡ್ಲಘಟ್ಟದ ಮಾರ್ಕೆಟ್ಟು ನೀವು ನೋಡಿರಬಹುದು. ಸಾಲುಸಾಲು ಜಾಲರಿಗಳಲ್ಲಿ ಗೂಡು ಸುರಿದಿರುತ್ತಾರೆ. ನೂಲು ತೆಗೆಯುವವರು ಮೊಬೈಲ್ ಹಿಡಿದು ಓಡಾಡುತ್ತಾ ಬೆಲೆ ಕಟ್ಟುತ್ತಾರೆ. ನಮ್ಮ ಜಾಲರಿಯ ಮುಂದೆ ನಯಾಜ್ ಸಾಹೇಬರು ನಿಂತರು. ಅಪ್ಪನ ಗೂಡನ್ನು ಎಷ್ಟೋ ಸಲ ಕೊಂಡವರು. ಒಂದು ಗೂಡು ಎತ್ತಿ ಬೆರಳಲ್ಲಿ ಒತ್ತಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಂದು ಎತ್ತಿದರು.

"ಒಳ್ಳೇ ಬೈವೋಲ್ಟೈನು. ಯಾರ್ದಿದು?" ಎಂದು ಚಿಕ್ಕಪ್ಪನನ್ನು ಕೇಳಿದರು. "ನಿಮ್ಮಣ್ಣಂದಾ?"

ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ, ಮೂಗು ಇನ್ನೂ ಕೆಂಪಗಿದ್ದ ಅಮ್ಮ ಅಂದಳು.

"ನಂದು."

ಸಾಹೇಬರು ಅವಳ ಕಡೆ ತಿರುಗಿದರು. "ನಿಮ್ದಾ? ಮುಂದಿನ ಬೆಳೆ ಬಂದಾಗ ನಂಗೊಂದು ಫೋನ್ ಮಾಡಿ ಅಮ್ಮ," ಎಂದು ಹೇಳಿ ಮೊಬೈಲಿನಲ್ಲಿ ಬೆಲೆ ಒತ್ತಿದರು. ಎಷ್ಟೆಂದು ನಾನು ನಿಮಗೆ ಹೇಳುವುದಿಲ್ಲ. ಹೇಳಿದರೆ ನಾಳೆ ಸಾಲ ಕೇಳಲು ಬರುತ್ತೀರಿ. ಅಪ್ಪ ಆ ಸಲ ಮಾರಿದ ಹಳದಿ ಗೂಡಿಗಿಂತ ಮೇಲೆ, ಅಷ್ಟು ತಿಳಿದುಕೊಂಡರೆ ಸಾಕು.

ವಾಪಸು ಬರುವಾಗ ಗಾಡಿ ಖಾಲಿ, ನಾನು ತುಂಬಿದ ಚೀಲ. ಮನೆಯಲ್ಲಿ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಹೊಗೆಯನ್ನು ಬೆಂಕಿ ಮಾಡಿದೆ. ಒಬ್ಬ ಬೈಕಿನವನನ್ನು ಒಂದು ಬಸ್ಸು ಜನ ಮಾಡಿದೆ. ಕೊನೆಯಲ್ಲಿ ಅಪ್ಪನ ಮುಂದೆ ಸೊಂಟದ ಮೇಲೆ ಕೈಯಿಟ್ಟು "ಏನಪ್ಪಾ, ಪಂದ್ಯ?" ಎನ್ನುವುದು.

ಜೀಪು ಮನೆ ಮುಂದೆ ನಿಂತಾಗ ಅಪ್ಪ ಗೇಟಿನಲ್ಲೇ ಇದ್ದ. ಬೆಳಗಿನಿಂದಲೂ ಅಲ್ಲೇ ಇದ್ದನಂತೆ, ಆಮೇಲೆ ಅಜ್ಜಿ ಹೇಳಿದಳು. ನಾನು ಇಳಿದು ಸೊಂಟದ ಮೇಲೆ ಕೈಯಿಟ್ಟೆ. ಅಪ್ಪ ನನ್ನನ್ನು ನೋಡಲೇ ಇಲ್ಲ. ಖಾಲಿ ಗಾಡಿಯ ಮೇಲೊಮ್ಮೆ ಕಣ್ಣಾಡಿಸಿ, ಜೀಪಿನ ಮುಂದಿನ ಸೀಟನ್ನು ನೋಡುತ್ತಿದ್ದ.

ಅಮ್ಮ ನಿದ್ದೆ ಹೋಗಿದ್ದಳು. ತಲೆ ಕಿಟಕಿಯ ಕಂಬಿಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಎರಡೂ ಕೈ ಮಡಿಲಲ್ಲಿ. ಇಂಜಿನ್ನು ನಿಂತರೂ ಎಚ್ಚರವಾಗಲಿಲ್ಲ. ಚಿಕ್ಕಪ್ಪ ಬಾಗಿಲು ಹಾಕಲು ಕೈ ಎತ್ತಿದವನು ಅಪ್ಪ ಸನ್ನೆ ಮಾಡಿದ್ದಕ್ಕೆ ಹಾಗೇ ಬಿಟ್ಟ.

ಅಪ್ಪ ಹತ್ತಿರ ಬಂದು, ಹೆಗಲ ಮೇಲಿನ ಟವೆಲ್ ತೆಗೆದು, ಅಮ್ಮನ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ಕಂಬಿಗೆ ಸಿಕ್ಕಿಸಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ಹುಳುಮನೆ ಪೂರ್ತಿ ತೊಳೀಬೇಕು ಕಣಮ್ಮ, ನಿಮ್ಮಮ್ಮನ ಮುಂದಿನ ಬೆಳೆಗೆ. ಬ್ಲೀಚಿಂಗ್ ಪೌಡರ್ ಎಲ್ಲಿಟ್ಟವ್ಳೆ?"

"ನಂಗೇನ್ ಗೊತ್ತಪ್ಪ? ಅಮ್ಮನ್ನೇ ಕೇಳ್ಬೇಕು."

"ಹೂಂ," ಎಂದ ಅಪ್ಪ, ಜೀಪಿನ ನೆರಳಿನಲ್ಲಿ ನೆಲದ ಮೇಲೆ ಕೂರುತ್ತಾ. "ಎದ್ಮೇಲೆ ಕೇಳಣ."